ಮನೆಯಲ್ಲೇ ಲ್ಯಾಪ್‌ಟಾಪ್ ಇದ್ದರೂ ಅರ್ಜಿ ಹಾಕಿಸೋಕೆ ಸೈಬರ್‌ಗೆ ಯಾಕೆ ಹೋಗ್ತಾರೆ?

ತುಮಕೂರು_ಹುಡುಗ:
ಪಕ್ಕದ ಮನೆಯವರು ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಸೈಬರ್‌ನಲ್ಲಿ 150 ರೂಪಾಯಿ ಕೊಟ್ಟು ಬಂದರು. ಮನೆಯಲ್ಲಿ ಲ್ಯಾಪ್‌ಟಾಪ್ ಇದೆ, ವೈಫೈ ಇದೆ, ಮಗಳು ಡಿಗ್ರಿ ಓದುತ್ತಿದ್ದಾಳೆ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿಗೆ ಶುಲ್ಕವೇ ಇಲ್ಲ. ಪಹಣಿ ಪ್ರಿಂಟ್, ಫೋಟೋವನ್ನು 50 ಕೆಬಿಗೆ ಇಳಿಸೋದು, ಎಲ್ಲಕ್ಕೂ ಅಂಗಡಿಗೇ ಓಡುತ್ತಾರೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಹೊಸದಾಗಿ ಹಾಕಿಕೊಳ್ಳೋಕೆ ಸೆಟ್ಟಿಂಗ್ಸ್‌ನಲ್ಲೇ ರೀಸೆಟ್ ಇದೆ, ಆದರೂ ಫಾರ್ಮ್ಯಾಟ್ ಮಾಡಿಸೋಕೆ ದುಡ್ಡು ಕೊಡುತ್ತಾರೆ. ಇದು ಸೋಮಾರಿತನವಾ, ಭಯವಾ? ನಿಜವಾಗಿಯೂ ಅರ್ಥ ಆಗದೆ ಕೇಳುತ್ತಿದ್ದೇನೆ.

ಅಂಗಡಿ_ಅಣ್ಣ:
ನನ್ನದು ತಾಲ್ಲೂಕು ಕಚೇರಿ ಎದುರಿನ ಸೈಬರ್. ಬರೀ ಟೈಪ್ ಮಾಡೋದಕ್ಕೆ ಯಾರೂ ದುಡ್ಡು ಕೊಡಲ್ಲ ಸರ್. ಅರ್ಜಿ ವಾಪಸ್ ಬರಬಾರದು ಅಂತ ಕೊಡುತ್ತಾರೆ.

ಒಬ್ಬ ಹುಡುಗಿ ಬಂದರೆ ನಾನು ಮೊದಲು ಪೋರ್ಟಲ್ ತೆಗೆಯೋದೇ ಇಲ್ಲ, ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡುತ್ತೇನೆ, ಯಾಕಂದ್ರೆ ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಕೆಲವರಿಗೆ ಒಂದು ಅಕ್ಷರವೇ ಬೇರೆ. ಆಮೇಲೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ನೋಡುತ್ತೇನೆ. ಆದಾಯ ಪತ್ರಕ್ಕೆ 5 ವರ್ಷದ ಅವಧಿ, ಅದು ಮುಗಿದಿದ್ದರೆ ಮೊದಲು ನಾಡಕಚೇರಿಗೆ ಕಳಿಸುತ್ತೇನೆ. ಕೊನೆಗೆ ಬ್ಯಾಂಕು. ಪಾಸ್‌ಬುಕ್ ಜೊತೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೀವಲ್ಲ, ಲಿಂಕ್ ಆಗಿದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಹಣ ಹೋಗೋದು ಬ್ಯಾಂಕ್‌ಗಳ ನಡುವಿನ ಹಣ ವರ್ಗಾವಣೆ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಆಧಾರ್‌ಗೆ ಜೋಡಣೆ ಆಗಿರುವ ಖಾತೆಗೆ ಮಾತ್ರ. ಅರ್ಜಿ ಮಂಜೂರಾಗಿಯೂ ದುಡ್ಡು ಬಂದಿಲ್ಲ ಅಂತ ಅಳುತ್ತಾ ಬರುವವರಲ್ಲಿ ಜಾಸ್ತಿ ಜನಕ್ಕೆ ಇದೇ ತೊಂದರೆ. ಫಾರಂ ತುಂಬೋದು ಹತ್ತು ನಿಮಿಷದ ಕೆಲಸ, ನಿಮ್ಮ ಮಾತು ಸರಿ. ಕೆಲಸ ಇರೋದು ಅದಕ್ಕಿಂತ ಮುಂಚೆ.

ನೇರಮಾತು:
ಅಣ್ಣ ಹೇಳಿದ ಹಾಗೆ ಎಲ್ಲರೂ ನೋಡಿ ಮಾಡಿದರೆ 150 ಏನು, 300 ಕೊಡಬಹುದು. ಎಲ್ಲ ಕಡೆ ಹಾಗಿಲ್ಲ. ನನ್ನ ತಂಗಿ ಹೋದ ಅಂಗಡಿಯಲ್ಲಿ ಬೇಗ ಆಗಲಿ ಅಂತ ಅವರದೇ ಮೊಬೈಲ್ ನಂಬರ್ ಹಾಕಿ ಖಾತೆ ತೆರೆದರು. ಮುಂದಿನ ವರ್ಷ ಪಾಸ್‌ವರ್ಡ್ ಬದಲಿಸೋಣ ಅಂದರೆ ಒಟಿಪಿ ಆ ನಂಬರ್‌ಗೆ ಹೋಗುತ್ತೆ, ಅದನ್ನು ಅವರು ಬಿಟ್ಟೇ ಬಿಟ್ಟಿದ್ದಾರೆ. ಕೊನೆಯ ದಿನಾಂಕ ಹತ್ತಿರ, ಹುಡುಗಿ ಕಾಲೇಜಿಗೂ ಅಂಗಡಿಗೂ ಅಲೆದಿದ್ದೇ ಬಂತು. ದುಡ್ಡು ಕೊಡಿ, ಬೇಡ ಅನ್ನಲ್ಲ. ಆದರೆ ನಂಬರ್ ನಿಮ್ಮದೇ ಕೊಡಿ, ಪಾಸ್‌ವರ್ಡ್ ಬರೆಸಿಕೊಂಡು ಬನ್ನಿ, ಅರ್ಜಿಯ ಪ್ರಿಂಟ್ ಕೇಳಿ ತಗೊಳ್ಳಿ. ಇದನ್ನು ಕೇಳೋಕೆ ಸಂಕೋಚ ಯಾಕೆ?

ಡ್ರೈವ್_ಡಿ:
ರೀಸೆಟ್ ವಿಷಯಕ್ಕೆ ಬರ್ತೀನಿ. ಫೈಲ್ ಉಳಿಸಿಕೊಳ್ಳುವ ಆಯ್ಕೆ ಒತ್ತಿದರೂ ನೀವು ಹಾಕಿಕೊಂಡ ಸಾಫ್ಟ್‌ವೇರ್ ಎಲ್ಲ ಹೋಗುತ್ತೆ. ನಮ್ಮ ಕಡೆ ನಿವೃತ್ತ ಮೇಷ್ಟ್ರು ಒಬ್ಬರು ಹಳೆಯ ನುಡಿ ಫಾಂಟ್‌ನಲ್ಲಿ ಪುಟಗಟ್ಟಲೆ ಬರೆದಿಟ್ಟಿದ್ದರು. ಮೊಮ್ಮಗ ರೀಸೆಟ್ ಮಾಡಿದ. ಫೈಲ್ ಅಲ್ಲೇ ಇದೆ, ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ! ಪಾಪ, ಎಲ್ಲ ಹಾಳಾಯಿತು ಅಂತ ಕೂತುಬಿಟ್ಟಿದ್ದರು. ನುಡಿ ಮತ್ತೆ ಹಾಕಿ, ಫೈಲ್‌ಗಳನ್ನು ಯಾವ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿಕೊಟ್ಟೆ. ಇನ್ನು ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದು, ಅದು 48 ಅಂಕಿಯ ಕೀ ಕೇಳಿದರೆ ಮನೆಯವರು ಎಲ್ಲಿಂದ ತರಬೇಕು? ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರಬಹುದು ಅಂತ ಹೇಳುವವರು ಒಬ್ಬರು ಪಕ್ಕದಲ್ಲಿ ಬೇಕು. ಎಲ್ಲ ಸರಿಯಾಗಿ ನಡೆದಾಗ ಮಾತ್ರ ಇವು ಸುಲಭದ ಕೆಲಸ.

ತುಮಕೂರು_ಹುಡುಗ:
ಎನ್‌ಪಿಸಿಐ ವಿಷಯ ನನಗೆ ಗೊತ್ತೇ ಇರಲಿಲ್ಲ. ಅದನ್ನು ಮನೆಯಲ್ಲೇ ನೋಡಬಹುದಾ?

ಅಂಗಡಿ_ಅಣ್ಣ:
ನೋಡಬಹುದು, ಫ್ರೀ. ಮೈಆಧಾರ್ ವೆಬ್‌ಸೈಟ್‌ಗೆ ಒಟಿಪಿ ಹಾಕಿ ಲಾಗಿನ್ ಆಗಿ, ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿ. ಯಾವ ಬ್ಯಾಂಕು, ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತೆ. ಆಧಾರ್‌ಗೆ ಮೊಬೈಲ್ ನಂಬರ್ ಸೇರಿಸಿರಬೇಕು ಅಷ್ಟೇ. ಪಕ್ಕದ ಮನೆಯವರಿಗೂ ಇವತ್ತೇ ಒಮ್ಮೆ ನೋಡಿಕೊಡಿ.