ಅವತ್ತು ಛೆಟ್ರಿ ಗೋಲಿಗೆ ಕುಣಿದವನು ನಾನು, ಇವತ್ತು ಮಗನಿಗೆ ಏನು ಹೇಳಲಿ?

ಕೀಪರ್ ಅಪ್ಪ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಅಭಿಮಾನಿ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಜೊತೆ ಐಎಸ್‌ಎಲ್ ನಾಕೌಟ್ ಮ್ಯಾಚ್ ಇತ್ತಲ್ಲ, ಅವತ್ತು ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೆ ಆಗ ಹತ್ತು ವರ್ಷ. 90 ನಿಮಿಷ ಮುಗಿದರೂ 0-0. ಎಕ್ಸ್‌ಟ್ರಾ ಟೈಮ್ ಶುರುವಾಗಿ ಆರೇಳು ನಿಮಿಷಕ್ಕೆ ನಮಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಕೀಪರ್ ಗಿಲ್ ಇನ್ನೂ ವಾಲ್, ಅಂದರೆ ಚೆಂಡಿಗೆ ಅಡ್ಡವಾಗಿ ಆಟಗಾರರ ಸಾಲು, ನಿಲ್ಲಿಸುತ್ತಿದ್ದ. ನಮ್ಮ ಸುನಿಲ್ ಛೆಟ್ರಿ ರೆಫರಿಯ ಸೀಟಿಗೆ ಕಾಯಲಿಲ್ಲ. ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಗೋಲಿಗೆ ಹಾಕಿಬಿಟ್ಟ. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನೆಲ್ಲ ಹೊರಗೆ ಕರೆದರು. ಅವರು ವಾಪಸ್ ಬರಲೇ ಇಲ್ಲ. ನಾವು 1-0 ಗೆದ್ದೆವು ಅಂತ ಘೋಷಣೆ ಆಯಿತು.

ನಾನು ಕುಣಿದೆ. ಹಳದಿ ಜೆರ್ಸಿಗಳು ಒಳಗೆ ಹೋಗುವಾಗ "ಓಡಿ ಹೋದರು, ಓಡಿ ಹೋದರು" ಅಂತ ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ. ಮಗನೂ ನನ್ನ ಜೊತೆ ಕೂಗಿದ. ಮನೆಗೆ ಬರುವ ದಾರಿಯಲ್ಲಿ ಅವನು ಕೇಳಿದ್ದು ನೆನಪಿದೆ: "ಅಪ್ಪ, ಕೀಪರ್ ರೆಡಿ ಇರಲಿಲ್ಲ ಅಲ್ವಾ?" ನಾನು ಹೇಳಿದ್ದು: "ರೆಡಿ ಇರೋದು ಅವನ ಕೆಲಸ ಕಣೋ."

ಈಗ ಮಗನಿಗೆ ಹದಿಮೂರು. ಅವನೇ ಕೀಪರ್. ಕಳೆದ ಭಾನುವಾರ ಅವನ ತಂಡಕ್ಕೂ ಪಕ್ಕದ ಬಡಾವಣೆಯ ತಂಡಕ್ಕೂ ಮ್ಯಾಚ್ ಇತ್ತು. ಈ ಎರಡು ತಂಡಗಳಿಗೆ ಮೊದಲಿಂದಲೂ ಆಗಿಬರುವುದಿಲ್ಲ. ಮಕ್ಕಳಿಗಿಂತ ಅಪ್ಪ ಅಮ್ಮಂದಿರಿಗೇ ಜಾಸ್ತಿ. 1-1 ಇತ್ತು, ಮುಗಿಯಲು ಹತ್ತು ನಿಮಿಷ ಇತ್ತು. ಅವರಿಗೆ ಫ್ರೀ ಕಿಕ್. ನಮ್ಮ ಹುಡುಗ ಎಡಗಡೆ ಪೋಸ್ಟ್‌ಗೆ ಒರಗಿಕೊಂಡು, ಕೈ ಎತ್ತಿ, "ಬಲಕ್ಕೆ, ಇನ್ನೊಂದು ಹೆಜ್ಜೆ ಬಲಕ್ಕೆ" ಅಂತ ವಾಲ್ ಸರಿ ಮಾಡುತ್ತಿದ್ದ. ಅಷ್ಟರಲ್ಲಿ ಅವರ ಹತ್ತನೇ ನಂಬರ್ ಹುಡುಗ ಒದ್ದೇಬಿಟ್ಟ. ಬಲಗಡೆ ಮೂಲೆ. ಚೆಂಡು ಬಲೆಗೆ ಬಡಿದ ಸದ್ದು ಕೇಳಿದ ಮೇಲೆ ಇವನು ತಿರುಗಿ ನೋಡಿದ್ದು.

ರೆಫರಿ ಗೋಲು ಕೊಟ್ಟರು. ನಾನೂ ಅವರಿಗೆ ಎರಡು ಮಾತು ಅಂದೆ. ಮಗ ಗ್ಲೌಸ್ ಬಿಚ್ಚಿ ಗೋಲ್ ಲೈನ್ ಮೇಲೆ ಬಿಸಾಕಿ ಹೊರಗೆ ಬಂದ. ಕೋಚ್ ಕರೆದರು, ಬರಲಿಲ್ಲ. ಬೇರೆ ಕೀಪರ್ ಇರಲಿಲ್ಲ. ರೈಟ್ ಬ್ಯಾಕ್ ಆಡುವ ಒಬ್ಬ ಸಣ್ಣ ಹುಡುಗ ಆ ಗ್ಲೌಸ್ ಎತ್ತಿಕೊಂಡ. ಅವನ ಬೆರಳಿನ ತುದಿ ಗ್ಲೌಸಿನ ಬೆರಳಿನ ಅರ್ಧಕ್ಕೂ ಬರುತ್ತಿರಲಿಲ್ಲ. ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು ಕಟ್ಟಿಕೊಂಡು ನಿಂತ. ಇನ್ನೂ ಎರಡು ಗೋಲು ಬಿತ್ತು. 4-1.

ಕಾರಿನಲ್ಲಿ ನಾನು ಬೈದೆ. ತಂಡವನ್ನು ನಡುವೆ ಬಿಟ್ಟು ಬರುತ್ತಾರೇನೋ ಅಂದೆ. ಅವನು ಅಳುತ್ತಾ ಹೇಳಿದ: "ಛೆಟ್ರಿ ಮಾಡಿದಾಗ ನೀನು ಕುಣಿದೆ. ನನಗೆ ಆದಾಗ ರೆಫರಿಗೆ ಬೈದೆ. ಈಗ ನನಗೂ ಬೈತಿದ್ದೀಯ. ಯಾವುದು ಸರಿ ಅಂತ ಮೊದಲು ನೀನು ಹೇಳು."

ನನಗೆ ಉತ್ತರ ಹೊಳೆಯಲಿಲ್ಲ. ನಾಲ್ಕು ದಿನ ಆಯಿತು, ಪ್ರಾಕ್ಟೀಸಿಗೆ ಹೋಗುತ್ತಿಲ್ಲ. ಆ ಗೋಲು ನ್ಯಾಯವಾ? ಇವನಿಗೆ ಏನು ಹೇಳಲಿ? ಆಡಿದವರು, ಆಡಿಸಿದವರು ದಯವಿಟ್ಟು ಹೇಳಿ.


ಸೀಟಿ ಊದುವವ:

ಸರ್, ನಾನು ಹನ್ನೊಂದು ವರ್ಷದಿಂದ ಮಕ್ಕಳ ಮತ್ತು ಲೀಗ್ ಮ್ಯಾಚುಗಳಿಗೆ ರೆಫರಿ. ಮೊದಲು ನಿಯಮ ಹೇಳಿಬಿಡುತ್ತೇನೆ, ಏಕೆಂದರೆ ಆ ಮಾರ್ಚ್ ರಾತ್ರಿಯಿಂದ ಇವತ್ತಿನವರೆಗೂ ಇದನ್ನು ತಪ್ಪಾಗಿ ಹೇಳುವವರೇ ಜಾಸ್ತಿ.

ಫ್ರೀ ಕಿಕ್ ಸಿಕ್ಕಿದ ತಂಡಕ್ಕೆ ತಕ್ಷಣ ಒದೆಯುವ ಹಕ್ಕು ಇದೆ. ಸೀಟಿ ಬೇಕಾಗಿಲ್ಲ. ಕೀಪರ್ ರೆಡಿ ಇರಬೇಕು, ವಾಲ್ ನಿಂತಿರಬೇಕು ಅಂತ ಎಲ್ಲೂ ಬರೆದಿಲ್ಲ. ತಪ್ಪು ಮಾಡಿದ್ದು ಎದುರಾಳಿ ತಂಡ ತಾನೇ? ಅವರಿಗೆ ಸಾವರಿಸಿಕೊಳ್ಳಲು ಸಮಯ ಕೊಡಬೇಕು ಅನ್ನುವ ಋಣ ಯಾರಿಗೂ ಇಲ್ಲ. ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಲಿ ಅಂತ ಕೇಳುವುದು ಒದೆಯುವವನ ಹಕ್ಕು. ಅದು ಬೇಡ ಅಂತ ಅವನು ಬಿಟ್ಟುಕೊಡಬಹುದು.

ಆದರೆ ರೆಫರಿ ಒಮ್ಮೆ ಸೀಟಿ ತೋರಿಸಿ "ಕಾಯಿ" ಅಂದರೆ ಮುಗಿಯಿತು. ಆಮೇಲೆ ಸೀಟಿ ಊದುವವರೆಗೂ ಚೆಂಡು ಮುಟ್ಟುವ ಹಾಗಿಲ್ಲ. ನಾನು ಏನು ಮಾಡುತ್ತೇನೆ ಅಂದರೆ, ಸೀಟಿಯನ್ನು ತಲೆ ಮೇಲೆ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳಲ್ಲಿ ಅದನ್ನೇ ತೋರಿಸುತ್ತೇನೆ. ಮಾತಿಗಿಂತ ಅದು ಬೇಗ ಅರ್ಥವಾಗುತ್ತದೆ. ಕಂಠೀರವದಲ್ಲಿ ಜಗಳ ಇದ್ದದ್ದೂ ಇಷ್ಟರ ಮೇಲೆಯೇ. ತನಗೆ ಸೀಟಿಯೂ ಬೇಡ, ವಾಲೂ ಬೇಡ ಅಂತ ರೆಫರಿಗೆ ಹೇಳಿದ್ದೆ ಎಂದು ಛೆಟ್ರಿ ಆಮೇಲೆ ಹೇಳಿದರು. ಮೊದಲ ಸಲ ಒದೆಯಲು ಹೋದಾಗ ಬ್ಲಾಸ್ಟರ್ಸ್‌ನ ಲೂನಾ ಅಡ್ಡ ಬಂದ, ಅಂದರೆ ಅವನಿಗೆ ಗೊತ್ತಿತ್ತು ಅಂತಲೂ ಹೇಳಿದರು.

ನಿಮ್ಮ ಭಾನುವಾರದ ಮ್ಯಾಚಿನಲ್ಲಿ ರೆಫರಿ ಸೀಟಿ ತೋರಿಸಿದರಾ? ಅದನ್ನು ನೀವು ಬರೆದಿಲ್ಲ. ತೋರಿಸದಿದ್ದರೆ ಗೋಲು ಸರಿ.

ಇನ್ನೊಂದು. "ನಾನೂ ಅವರಿಗೆ ಎರಡು ಮಾತು ಅಂದೆ" ಅಂತ ಒಂದೇ ಸಾಲಲ್ಲಿ ಬರೆದು ಮುಂದೆ ಹೋಗಿದ್ದೀರಿ. ಸರ್, ಮಕ್ಕಳ ಮ್ಯಾಚಿಗೆ ಬರುವ ರೆಫರಿಗಳಲ್ಲಿ ತುಂಬಾ ಜನ ಹದಿನೆಂಟು ಇಪ್ಪತ್ತು ವರ್ಷದ ಕಾಲೇಜು ಹುಡುಗರು. ನನ್ನ ಜೊತೆ ಶುರು ಮಾಡಿದ ಆರು ಜನರಲ್ಲಿ ಈಗ ಉಳಿದಿರುವುದು ಇಬ್ಬರು. ಬಿಟ್ಟವರು ಆಟಗಾರರ ಬೈಗುಳಕ್ಕೆ ಬಿಡಲಿಲ್ಲ. ಗೆರೆಯ ಆಚೆ ನಿಂತ ಅಪ್ಪಂದಿರ ಬೈಗುಳಕ್ಕೆ ಬಿಟ್ಟರು. ಮಗ ಗ್ಲೌಸ್ ಬಿಸಾಕುವ ಮೊದಲು ನಿಮ್ಮ ದನಿ ಕೇಳಿರುತ್ತಾನೆ. ಅದನ್ನು ಯೋಚನೆ ಮಾಡಿ.


ಕಾಸರಗೋಡಿನವ:

ನಾನು ಬ್ಲಾಸ್ಟರ್ಸ್ ಕಡೆಯವ. ಮನೆಮಾತು ಕನ್ನಡ, ಜೆರ್ಸಿ ಹಳದಿ. ಆ ರಾತ್ರಿ ನಾನೂ ಕಂಠೀರವದಲ್ಲಿ ಇದ್ದೆ. "ಓಡಿ ಹೋದರು" ಅನ್ನುವ ಕೂಗು ನಮ್ಮ ಸ್ಟ್ಯಾಂಡಿನವರೆಗೂ ಚೆನ್ನಾಗಿ ಕೇಳಿತ್ತು. ಕನ್ನಡ ಅರ್ಥವಾಗುವವನಿಗೆ ಇನ್ನೂ ಚೆನ್ನಾಗಿ ಕೇಳುತ್ತದೆ.

ಆ ಗೋಲನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಮೇಲಿನವರು ನಿಯಮ ಹೇಳಿದ್ದಾರೆ, ಸರಿ. ಆದರೆ ಅಷ್ಟು ದೊಡ್ಡ ಮ್ಯಾಚಿನಲ್ಲಿ, ಅಷ್ಟು ಗದ್ದಲದಲ್ಲಿ, ಎರಡೂ ತಂಡಕ್ಕೆ ಗೊತ್ತಾಗುವ ಹಾಗೆ ರೆಫರಿ ಹೇಳಬೇಕಿತ್ತು ಅಂತ ನನ್ನ ಅಭಿಪ್ರಾಯ. ಅದನ್ನು ನಾನು ಬಿಡುವುದಿಲ್ಲ.

ಆದರೂ ನಿಮ್ಮ ಮಗನಿಗೆ ಒಂದು ಮಾತು ತಲುಪಿಸಿ. ಅವತ್ತು ನಮ್ಮವರು ಒಳಗೆ ಹೋದಾಗ ಇನ್ನೂ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಆಟ ಬಾಕಿ ಇತ್ತು ಮಾರಾಯ್ರೇ! ಒಂದು ಗೋಲು ಬೇಕಿತ್ತು, ಅಷ್ಟೇ. ಸಿಟ್ಟಿನಲ್ಲಿ ಆಡಿದರೆ ಕೆಲವೊಮ್ಮೆ ಗೋಲು ಬರುತ್ತದೆ. ಬರುತ್ತಿತ್ತೋ ಇಲ್ಲವೋ, ನೋಡುವ ಅವಕಾಶವನ್ನೇ ನಾವು ಕಳೆದುಕೊಂಡೆವು. ನಾನು ರಾತ್ರಿ ಬಸ್ಸಿನಲ್ಲಿ ಮಡಿಕೇರಿ ದಾಟುವವರೆಗೂ ಅದನ್ನೇ ಲೆಕ್ಕ ಹಾಕುತ್ತಿದ್ದೆ.

ಆಮೇಲೆ ಆದದ್ದು ನಿಮಗೂ ಗೊತ್ತು. ಮ್ಯಾಚ್ ಮತ್ತೆ ಆಡಿಸಿ ಅಂತ ನಮ್ಮ ಕ್ಲಬ್ ಕೇಳಿದ್ದನ್ನು ದೇಶದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್‌ನ ಶಿಸ್ತು ಸಮಿತಿ ಒಪ್ಪಲಿಲ್ಲ. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ. ಕೋಚಿಗೆ 10 ಮ್ಯಾಚ್ ನಿಷೇಧ, ಮೇಲೆ 5 ಲಕ್ಷ. ಕ್ಲಬ್ಬೂ ಕೋಚೂ ಕ್ಷಮೆ ಕೇಳಿದರು. ಇವಾನ್ ಆಶಾನ್ (ಗುರು ಅಂತ ಅರ್ಥ, ಕೋಚನ್ನು ನಾವು ಕರೆಯುವುದೇ ಹಾಗೆ) ಅಂದರೆ ನಮಗೆ ಜೀವ. ತನ್ನ ಹುಡುಗರಿಗೆ ಅನ್ಯಾಯ ಆಯಿತು ಅಂತ ಅವರು ಮಾಡಿದ್ದು, ನನಗೆ ಅದರಲ್ಲಿ ಅನುಮಾನ ಇಲ್ಲ. ಆದರೆ ಮುಂದಿನ ಸೀಸನ್ ಶುರುವಾದಾಗ ಅವರು ಇರಬೇಕಾದ ಜಾಗದಲ್ಲಿ ಇರಲಿಲ್ಲ.

2023ರ ಸೆಪ್ಟೆಂಬರ್ 21ಕ್ಕೆ ಕೊಚ್ಚಿಯಲ್ಲಿ ಬೆಂಗಳೂರನ್ನು 2-1ರಿಂದ ಸೋಲಿಸಿದೆವು. ಲೂನಾನೇ ಒಂದು ಗೋಲು ಹೊಡೆದ. ಆ ಮ್ಯಾಚಿನ ಬಗ್ಗೆ ಮಾತಾಡಲು ನನಗೆ ಖುಷಿ, ಏಕೆಂದರೆ ಅದು ಪೂರ್ತಿ ಆಡಿದ ಮ್ಯಾಚ್. ನಿಮ್ಮ ಹುಡುಗನಿಗೆ ಆ ಹತ್ತು ನಿಮಿಷ ಇತ್ತು. ಅದಕ್ಕೇ ನನಗೆ ಬೇಜಾರು.


ಎಡಗಾಲು:

ನಾನು ಹುಡುಗಿಯರ ತಂಡಕ್ಕೆ ಕೋಚ್. ಮೊದಲು ಡಿಫೆಂಡರ್ ಆಗಿ ಆಡಿದವಳು.

"ನ್ಯಾಯವಾ" ಅಂತ ಕೇಳಿದ್ದೀರಲ್ಲ, ಅದಕ್ಕೆ ಎರಡು ಹಳೆಯ ಮ್ಯಾಚು ಹೇಳುತ್ತೇನೆ. 1999ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್‌ನಲ್ಲಿ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್. ಗಾಯವಾದ ಆಟಗಾರನಿಗಾಗಿ ಶೆಫೀಲ್ಡ್‌ನವರು ಚೆಂಡನ್ನು ತಾವೇ ಹೊರಗೆ ಒದ್ದರು. ಆರ್ಸೆನಲ್ ಅದನ್ನು ಥ್ರೋನಲ್ಲಿ ಅವರಿಗೇ ವಾಪಸ್ ಕೊಡಲು ಹೊರಟಾಗ, ಹೊಸದಾಗಿ ಬಂದಿದ್ದ ಕಾನು ಅದನ್ನು ಹಿಡಿದು ಓಡಿದ, ಓವರ್‌ಮಾರ್ಸ್ ಗೋಲು ಹೊಡೆದ. ನಿಯಮದ ಪ್ರಕಾರ ಗೋಲು ಸರಿ. ಆರ್ಸೆನಲ್ ಕೋಚ್ ವೆಂಗರ್ ಅವತ್ತೇ ಮ್ಯಾಚ್ ಮತ್ತೆ ಆಡೋಣ ಅಂದರು. ಹತ್ತು ದಿನದ ಮೇಲೆ ಆಡಿದರು, ಮತ್ತೆ ಅದೇ 2-1.

ಇನ್ನೊಂದು 2019ರ ಏಪ್ರಿಲ್. ಆಸ್ಟನ್ ವಿಲ್ಲಾ ಆಟಗಾರ ಬಿದ್ದಿದ್ದಾಗ ಲೀಡ್ಸ್ ಗೋಲು ಹೊಡೆಯಿತು. ದೊಡ್ಡ ತಳ್ಳಾಟ ಆಯಿತು. ಲೀಡ್ಸ್ ಕೋಚ್ ಬಿಯೆಲ್ಸಾ ತನ್ನವರಿಗೇ "ಅವರು ಗೋಲು ಹೊಡೆಯಲಿ, ಬಿಡಿ" ಅಂತ ಕೂಗಿದರು. ಲೀಡ್ಸ್‌ನ ಒಬ್ಬ ಡಿಫೆಂಡರಿಗೆ ಅದು ತಡೆಯಲಾಗದೆ ಅಡ್ಡ ಹೋದ, ಆದರೂ ಗೋಲು ಆಯಿತು. 1-1.

ಈ ಎರಡರಲ್ಲೂ ಒಂದು ತಂಡ ಇನ್ನೊಂದನ್ನು ನಂಬಿ ಆಟ ನಿಲ್ಲಿಸಿತ್ತು. ಆ ನಂಬಿಕೆ ಮುರಿದದ್ದಕ್ಕೆ ಇಬ್ಬರು ಕೋಚ್‌ಗಳೂ ಹಾಗೆ ಮಾಡಿದರು. ಬೇಗ ಒದ್ದ ಫ್ರೀ ಕಿಕ್‌ನಲ್ಲಿ ಅಂಥ ನಂಬಿಕೆ ಎಲ್ಲಿದೆ? ಯಾರೂ ಯಾರಿಗೂ ಮಾತು ಕೊಟ್ಟಿರುವುದಿಲ್ಲ. ಹತ್ತನೇ ನಂಬರ್ ಹುಡುಗ ಚುರುಕಾಗಿದ್ದ. ಛೆಟ್ರಿಯೂ ಅಷ್ಟೇ. ನನ್ನ ಹುಡುಗಿಯರಿಗೆ ನಾನೇ ಅದನ್ನು ಕಲಿಸುತ್ತೇನೆ. ಹಾಗೇ ಅದನ್ನು ತಡೆಯುವುದನ್ನೂ ಕಲಿಸುತ್ತೇನೆ. ಕೀಪರ್ ಪೋಸ್ಟ್ ಹತ್ತಿರ ಹೋಗಿ ವಾಲ್ ನೋಡುವಷ್ಟು ಹೊತ್ತು ಇನ್ನೊಬ್ಬಳು ಗೋಲ್ ಲೈನ್ ಮೇಲೆ ನಿಂತಿರಬೇಕು, ಕಣ್ಣು ಚೆಂಡಿನ ಮೇಲೆಯೇ. ಕೀಪರ್ ನಡುವಿಗೆ ಬಂದ ಮೇಲೆ ಅವಳು ಮುಂದೆ ಹೋಗಬೇಕು. ನಿಮ್ಮ ಮಗನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ ಅನ್ನಿಸುತ್ತದೆ. ಅವನು ವಾಲ್ ನಿಲ್ಲಿಸುತ್ತಿದ್ದನಲ್ಲ, ಅದು ಸರಿಯಾದ ಕೆಲಸವೇ. ಅದನ್ನು ಮೊದಲು ಹೇಳಿ ಅವನಿಗೆ.

ಹೊರಗೆ ಬಂದದ್ದು ಬೇರೆ ವಿಷಯ. ರೆಫರಿಯನ್ನು ಕೇಳದೆ ಹೊರಗೆ ಬಂದರೆ ಯೆಲ್ಲೋ ಕಾರ್ಡ್, ಅದು ಹಾಗಿರಲಿ. ನನಗೆ ಕಣ್ಣಿಗೆ ಕಟ್ಟಿದ್ದು ಪಟ್ಟಿಯನ್ನು ಹಲ್ಲಲ್ಲಿ ಎಳೆದು ಕಟ್ಟಿಕೊಂಡ ಆ ರೈಟ್ ಬ್ಯಾಕ್. ಎರಡು ಗೋಲು ತಿಂದು ಅವನು ಹೇಗೆ ಮನೆಗೆ ಹೋದ? ನಿಮ್ಮ ಮಗನಿಗೆ ನ್ಯಾಯ ಅನ್ಯಾಯ ಏನೂ ಹೇಳಬೇಡಿ. ಆ ಹುಡುಗ ಹೇಗಿದ್ದಾನೆ ಅಂತ ಸುಮ್ನೆ ಕೇಳಿ, ಸಾಕು.


ಕೀಪರ್ ಅಪ್ಪ:

ಮೂವರಿಗೂ ತುಂಬಾ ಥ್ಯಾಂಕ್ಸ್. ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ರೆಫರಿ ಸೀಟಿ ತೋರಿಸಿರಲಿಲ್ಲ ಸರ್. ಮಗನನ್ನೇ ಕೇಳಿದೆ. "ಇಲ್ಲ, ನಾನೇ ನೋಡಲಿಲ್ಲ" ಅಂದ. ನಾನು ಅವನಿಗೆ ನೇರವಾಗಿ ಹೇಳಿದೆ: ಛೆಟ್ರಿ ಗೋಲು ಸರಿ, ಆ ಹುಡುಗನ ಗೋಲೂ ಸರಿ, ನಾನು ರೆಫರಿಗೆ ಬೈದದ್ದು ತಪ್ಪು. ಹೋದವರನ್ನು ನೋಡಿ ಕೂಗಿದ್ದೂ ತಪ್ಪು ಅಂದೆ. ಅದಕ್ಕೆ ಅವನು ಏನೂ ಹೇಳಲಿಲ್ಲ. ಕಾಸರಗೋಡಿನ ಅಣ್ಣ, ಆ ಕೂಗಿಗೆ ನಿಮ್ಮ ಹತ್ತಿರವೂ ಕ್ಷಮೆ ಕೇಳುತ್ತೇನೆ. ಗೋಲಿನ ವಿಷಯದಲ್ಲಿ ನಾವಿಬ್ಬರೂ ಒಪ್ಪುವುದು ಕಷ್ಟ, ಇರಲಿ. ನಿಮ್ಮ ಇಪ್ಪತ್ತು ನಿಮಿಷದ ಮಾತನ್ನು ಅವನಿಗೆ ಹಾಗೇ ಓದಿ ಹೇಳಿದೆ.

ಕೋಚ್ ಹತ್ತಿರ ಆ ರೆಫರಿಯ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ನೀವು ಹೇಳಿದ ಹಾಗೇ, ಡಿಗ್ರಿ ಎರಡನೇ ವರ್ಷದ ಹುಡುಗ. ನಾನು ಯಾರು ಅಂತ ಹೇಳಿದ ಕೂಡಲೇ ಒಂದು ಕ್ಷಣ ಸುಮ್ಮನಾದ. ಹೆದರಿದ ಅನ್ನಿಸುತ್ತದೆ. ಕ್ಷಮೆ ಕೇಳಿದೆ. "ಪರವಾಗಿಲ್ಲ ಅಂಕಲ್" ಅಂದ. ಆ ದನಿ ಕೇಳಿ ನನಗೆ ಇನ್ನೂ ಕಷ್ಟವಾಯಿತು.

ರೈಟ್ ಬ್ಯಾಕ್ ಹುಡುಗನ ಬಗ್ಗೆ ಮೇಡಂ ಹೇಳಿದ ಹಾಗೆ ಅಷ್ಟೇ ಕೇಳಿದೆ. ಮಗ ತುಂಬಾ ಹೊತ್ತು ತಟ್ಟೆ ನೋಡುತ್ತಾ ಕೂತಿದ್ದ. ಮಾರನೆ ದಿನ ಸಂಜೆ ಬ್ಯಾಗ್ ತೆಗೆದುಕೊಂಡು ತಾನೇ ಪ್ರಾಕ್ಟೀಸಿಗೆ ಹೊರಟ. ಅಲ್ಲಿ ಏನು ಮಾತಾಡಿದರೋ ನನಗೆ ಹೇಳಿಲ್ಲ. ನಾನು ಕರೆದುಕೊಂಡು ಬರಲು ಹೋದಾಗ ಕತ್ತಲಾಗುತ್ತಿತ್ತು, ಉಳಿದವರೆಲ್ಲ ಹೋಗಿದ್ದರು. ಇವನು ಪೋಸ್ಟ್ ಹಿಡಿದುಕೊಂಡು ಖಾಲಿ ಗ್ರೌಂಡಿಗೆ "ಬಲಕ್ಕೆ, ಬಲಕ್ಕೆ" ಅಂತ ಕೂಗುತ್ತಿದ್ದ. ಆ ಸಣ್ಣ ಹುಡುಗ ಗೋಲ್ ಲೈನ್ ನಡುವೆ ಬಗ್ಗಿ ನಿಂತು ಚೆಂಡನ್ನೇ ನೋಡುತ್ತಿದ್ದ.

ಶನಿವಾರ ಮತ್ತೆ ಮ್ಯಾಚ್ ಇದೆ. ನಾನು ಗೋಲಿನ ಹಿಂದೆ ನಿಲ್ಲುವುದಿಲ್ಲ, ಗ್ರೌಂಡಿನ ಆಚೆ ಬದಿಯಲ್ಲಿ ನಿಲ್ಲುತ್ತೇನೆ ಅಂತ ಅವನಿಗೆ ಹೇಳಿದ್ದೇನೆ.