ಫೋನಿನಲ್ಲಿ ರೆಕಾರ್ಡ್ ಆದ ಮಾತು ಕೋರ್ಟಿನಲ್ಲಿ ನಡೆಯುತ್ತಾ?

ತೋಟದಮನೆ_ಚನ್ನಗಿರಿ

ಎಲ್ಲರಿಗೂ ನಮಸ್ಕಾರ. ಮನೆ ಜಗಳ, ಆದರೂ ಕೇಳಲೇಬೇಕಾಗಿದೆ.

ಜೂನ್ 2024ರಲ್ಲಿ ನನ್ನ ಚಿಕ್ಕಪ್ಪನ ಮಗ ಅಡಿಕೆ ಖೇಣಿ (ತೋಟದ ಫಸಲಿನ ಗುತ್ತಿಗೆ) ಹಿಡಿಯಲು ಮೂರು ಲಕ್ಷ ಕೇಳಿದ. ಒಂದೂವರೆ ಲಕ್ಷ ಬ್ಯಾಂಕಿನಿಂದ ಹಾಕಿದೆ, ಉಳಿದದ್ದು ಕೈಯಲ್ಲಿ ಕೊಟ್ಟೆ. ಪತ್ರ ಇಲ್ಲ. ಒಂದೇ ಮನೆಯಲ್ಲಿ ಉಂಡು ಬೆಳೆದವರು, ಸ್ಟಾಂಪ್ ಪೇಪರ್ ಯಾರು ಕೇಳುತ್ತಾರೆ? ಈಗ ಅವನು "ಬ್ಯಾಂಕಿಗೆ ಬಂದದ್ದಷ್ಟೇ ಗೊತ್ತು, ಅದೂ ಹಳೇ ಲೆಕ್ಕದ ಬಾಬ್ತು" ಅನ್ನುತ್ತಿದ್ದಾನೆ.

ಅದೃಷ್ಟಕ್ಕೆ ನನ್ನ ಹಳೇ ಫೋನಿನಲ್ಲಿ ಎಲ್ಲಾ ಕಾಲ್ ತಾನಾಗಿ ರೆಕಾರ್ಡ್ ಆಗುತ್ತೆ. ನವೆಂಬರ್ 2024ರ ಒಂದು ಕಾಲ್‌ನಲ್ಲಿ ಅವನೇ "ಅಣ್ಣ, ಮೂರು ಲಕ್ಷ ನನ್ನ ತಲೆ ಮೇಲಿದೆ, ಮಂಡಿಯಿಂದ ದುಡ್ಡು ಬಂದ ಕೂಡಲೇ ಕೊಡ್ತೀನಿ" ಅಂದಿದ್ದಾನೆ. ಇದು ಸಾಕ್ಷಿ ಆಗುತ್ತಾ? ಆ ಮಾತಷ್ಟೇ ಕತ್ತರಿಸಿ ವಾಟ್ಸಾಪ್‌ನಲ್ಲಿ ಭಾವಮೈದನಿಗೆ ಕಳಿಸಿಟ್ಟಿದ್ದೇನೆ. ಶನಿವಾರ ಈ ಫೋನ್ ಎಕ್ಸ್‌ಚೇಂಜ್‌ಗೆ ಕೊಡುವವನಿದ್ದೇನೆ.

ಭಾವಮೈದ ಇನ್ನೊಂದು ಐಡಿಯಾ ಕೊಟ್ಟ. ಹಬ್ಬಕ್ಕೆ ಬಂದಾಗ ಅವನ ಫೋನಿಗೇ ಒಂದು ಆ್ಯಪ್ ಹಾಕಿಬಿಟ್ಟರೆ ಇನ್ನೂ ಜಾಸ್ತಿ ಸಿಗುತ್ತಂತೆ. ಮಾಡಬಹುದಾ?

ಬೈಟು_ಕಾಫಿ

ಸುಮ್ನೆ ಟೈಮ್ ವೇಸ್ಟ್. ಹೇಳದೆ ರೆಕಾರ್ಡ್ ಮಾಡಿದ್ದು ಯಾವ ಕೋರ್ಟಿನಲ್ಲೂ ನಡೆಯಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಅವನೇ ನಿಮ್ಮ ಮೇಲೆ ಕೇಸ್ ಹಾಕಿಯಾನು.

ನಿವೃತ್ತ_ಶಿರಸ್ತೇದಾರ

ತೋಟದಮನೆಯವರೇ, ಮೊದಲು ಶನಿವಾರದ ಎಕ್ಸ್‌ಚೇಂಜ್ ನಿಲ್ಲಿಸಿ. ಉಳಿದದ್ದು ಆಮೇಲೆ ಓದಿ.

ಮೂವತ್ತೇಳು ವರ್ಷ ಸಿವಿಲ್ ಕೋರ್ಟಿನ ಕಚೇರಿಯಲ್ಲಿ ಕೂತವನು ನಾನು. ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿ ತರುತ್ತಿದ್ದ ಕಾಲದಿಂದ ನೋಡಿದ್ದೇನೆ. ವಕೀಲನಲ್ಲ, ನಿಮ್ಮ ವಕೀಲರು ಹೇಳಿದ್ದೇ ಕೊನೆ ಮಾತು.

ಬೈಟು ಅವರು ಹೇಳಿದ್ದು ಅರ್ಧ ಸರಿ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು, ನಿಜ. ಆ ಕೇಸು ಹಾಕಿದ್ದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರೇ. ಆದರೆ ಮೂಲಭೂತ ಹಕ್ಕಿನ ಬೇಲಿ ಮುಖ್ಯವಾಗಿ ಸರ್ಕಾರದ ಎದುರು ಹಾಕಿದ್ದು. ಸರ್ಕಾರ ನಿಮ್ಮ ಫೋನ್ ಕದ್ದು ಕೇಳಬೇಕಾದರೆ ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು. ಒಂದು ಆದೇಶ 60 ದಿನ, ಎಷ್ಟೇ ಎಳೆದರೂ ಒಟ್ಟು 180 ದಿನ. 1996ರ ಡಿಸೆಂಬರ್‌ನಲ್ಲಿ, ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿ ಅದು. ಅದಕ್ಕೂ ಮೊದಲೇ, 1988ರ ಆಗಸ್ಟ್‌ನಲ್ಲಿ, ಫೋನ್ ಕದ್ದಾಲಿಕೆ ಗಲಾಟೆಯಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ನಾನು ಆಗ ಕೆಲಸಕ್ಕೆ ಸೇರಿ ಮೂರು ವರ್ಷ. ಕಚೇರಿಯಲ್ಲಿ ಆ ವಾರವಿಡೀ ಕಡತ ಮುಟ್ಟಿದವರು ಕಡಿಮೆ.

ನಿಮ್ಮ ಕೇಸು ಬೇರೆ ತರಹದ್ದು. ಇಬ್ಬರು ಮಾತಾಡುವಾಗ ಆ ಇಬ್ಬರಲ್ಲಿ ಒಬ್ಬರು ರೆಕಾರ್ಡ್ ಮಾಡಿದರೆ ಅದು ಕದ್ದಾಲಿಕೆ ಅಲ್ಲ. 1972ರಲ್ಲೇ ಮಲ್ಕಾನಿ ಕೇಸಿನಲ್ಲಿ ಇದು ತೀರ್ಮಾನ ಆಗಿದೆ. ಮಲ್ಕಾನಿ ಅಂದರೆ ಮುಂಬೈಯ ಕರೋನರ್, ಅಸಹಜ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ. ಲಂಚ ಕೇಳಿದ ಮಾತನ್ನು ಆ ಕಡೆ ಇದ್ದ ಡಾಕ್ಟರ್ ಒಪ್ಪಿಗೆ ಪಡೆದು ಪೊಲೀಸರು ಟೇಪ್ ಮಾಡಿಕೊಂಡರು. ಕರೋನರ್‌ಗೆ ಗೊತ್ತೇ ಇರಲಿಲ್ಲ. ಟೇಪ್ ಸಾಕ್ಷಿಯಾಗಿ ನಿಂತಿತು.

ಭಾವಮೈದನ ಐಡಿಯಾ ಮಾತ್ರ ಕೈಬಿಡಿ. ಇನ್ನೊಬ್ಬರ ಫೋನಿಗೆ ಆ್ಯಪ್ ಹಾಕಿ ಅವರು ಬೇರೆಯವರ ಜೊತೆ ಆಡುವ ಮಾತು ಕೇಳಿದರೆ ಅಲ್ಲಿ ನೀವು ಮೂರನೆಯವರು, ಅದೇ ಕದ್ದಾಲಿಕೆ. ದೂರಸಂಪರ್ಕ ಕಾಯ್ದೆ 2023ರಲ್ಲಿ ಮೂರು ವರ್ಷದವರೆಗೆ ಜೈಲು, ಎರಡು ಕೋಟಿವರೆಗೆ ದಂಡ, ಅಥವಾ ಎರಡೂ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ ಬೇರೆ. ಮೂರು ಲಕ್ಷ ವಸೂಲಿಗೆ ಹೋಗಿ ನೀವೇ ಜಾಮೀನಿಗೆ ಓಡಾಡಬೇಕಾದೀತು.

ಇನ್ನು ನಿಮ್ಮ ಕತ್ತರಿಸಿದ ತುಂಡು. ದನಿ ಯಾರದು, ರೆಕಾರ್ಡ್‌ಗೆ ಯಾರೂ ಕೈ ಹಾಕಿಲ್ಲ ತಾನೇ, ಮಾತು ಸ್ಪಷ್ಟವಾಗಿ ಕೇಳುತ್ತಾ. ಕೋರ್ಟ್ ನೋಡುವುದು ಇದನ್ನು. ಹಿಂದೆ ಮುಂದೆ ಇಲ್ಲದ ಇಪ್ಪತ್ತು ಸೆಕೆಂಡಿನ ತುಂಡು ಕೊಟ್ಟರೆ ಎದುರು ವಕೀಲರಿಗೆ ಹಬ್ಬ. ವಾಟ್ಸಾಪ್‌ನಲ್ಲಿ ಹೋದರೆ ಫೈಲಿನ ಹೆಸರು, ತಾರೀಖು ಬದಲಾಗಬಹುದು. ಮೂಲ ಫೈಲು ಮೂಲ ಫೋನಿನಲ್ಲೇ ಇರಬೇಕು.

2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆ ಬಂದಿದೆ. ಫೋನ್, ಕಂಪ್ಯೂಟರ್ ಫೈಲಿನ ಸಾಕ್ಷಿಗೆ ಜೊತೆಯಲ್ಲಿ ಕೊಡಬೇಕಾದ ಹಳೇ 65ಬಿ ಸರ್ಟಿಫಿಕೇಟ್ ಈಗ ಕಲಂ 63ರಲ್ಲಿದೆ, ಎರಡು ಭಾಗ. ಮೊದಲನೆಯದು ನೀವು ಕೊಡುವುದು, ಎರಡನೆಯದು ತಜ್ಞರದ್ದು. ಅದರಲ್ಲಿ ಹ್ಯಾಶ್ ವ್ಯಾಲ್ಯೂ ಅಂತ ಬರೆಯಬೇಕು. ಅದು ಫೈಲಿನ ಹೆಬ್ಬೆಟ್ಟಿದ್ದಂತೆ. ಫೈಲಿನಿಂದ ಒಂದು ಸೆಕೆಂಡ್ ಕತ್ತರಿಸಿದರೂ ನಂಬರ್ ಪೂರ್ತಿ ಬೇರೆ. ಮೂಲ ಫೋನನ್ನೇ ಹಾಜರುಪಡಿಸಿ ಮಾಲೀಕನೇ ಸಾಕ್ಷಿ ಕಟ್ಟೆ ಹತ್ತಿದರೆ ಸರ್ಟಿಫಿಕೇಟ್ ಬೇಡ ಅಂತ 2020ರ ತೀರ್ಪಿದೆ. ಆದರೂ ಎರಡೂ ಇರಲಿ.

ಟೆಲಿಫೋನ್ ಕಂಪನಿಯಲ್ಲಿ ಮಾತು ಇರಲ್ಲ. ಯಾವ ನಂಬರ್, ಯಾವ ಹೊತ್ತು, ಎಷ್ಟು ನಿಮಿಷ ಅನ್ನುವ ಪಟ್ಟಿ ಮಾತ್ರ. ಅದನ್ನೂ ಕನಿಷ್ಠ ಎರಡು ವರ್ಷ ಇಡಬೇಕು ಅಂತ ನಿಯಮ, ಆಮೇಲೆ ಸಿಗುವ ಭರವಸೆ ಇಲ್ಲ.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಸಾಲದ ದಾವೆಗೆ ಮೂರು ವರ್ಷದ ಗಡುವು. "ಫೋನಿನಲ್ಲಿ ಒಪ್ಪಿಕೊಂಡಿದ್ದಾನಲ್ಲ, ಅಲ್ಲಿಂದ ಹೊಸದಾಗಿ ಎಣಿಸೋಣ" ಅಂದರೆ ಆಗಲ್ಲ. ಗಡುವು ಹೊಸದಾಗಲು ಸಹಿ ಮಾಡಿದ ಬರಹ ಬೇಕು. ಜೂನ್ 2024ರಲ್ಲಿ ಕೊಟ್ಟದ್ದು ಜೂನ್ 2027ಕ್ಕೆ ಮುಗಿಯಿತು ಅಂತಲೇ ಇಟ್ಟುಕೊಳ್ಳಿ.

ಮಲ್ಲಿಗೆ_ದಂಡೆ

ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಗಂಡ ಹೆಂಡತಿ ನಡುವೆಯೂ ಹೀಗೇನಾ? ನನ್ನ ಡೈವೋರ್ಸ್ ಕೇಸಿನಲ್ಲಿ ಅವರು ಪೆನ್‌ಡ್ರೈವ್ ತುಂಬಾ ನನ್ನ ಮಾತು ಕೊಟ್ಟಿದ್ದಾರೆ. ಅಮ್ಮನ ಮೇಲಿನ ಸಿಟ್ಟನ್ನು ಅವರ ಹತ್ತಿರ ಹೇಳಿಕೊಂಡದ್ದೂ ಅದರಲ್ಲಿದೆಯಂತೆ. ಅವತ್ತಿನಿಂದ ತಂಗಿಯ ಜೊತೆ ಫೋನಿನಲ್ಲಿ ಮಾತಾಡುವಾಗಲೂ ದನಿ ತಾನಾಗಿ ಸಣ್ಣಗಾಗುತ್ತೆ.

ನಿವೃತ್ತ_ಶಿರಸ್ತೇದಾರ

ಬೇಜಾರಿನ ವಿಷಯ ತಾಯಿ. ಬಠಿಂಡಾದ ಒಂದು ಕೇಸಿನಲ್ಲಿ ಇದೇ ಪ್ರಶ್ನೆ ಬಂತು. ಫ್ಯಾಮಿಲಿ ಕೋರ್ಟ್ ಗಂಡನ ರೆಕಾರ್ಡಿಂಗ್ ಒಪ್ಪಿತು. ಪಂಜಾಬ್ ಹರಿಯಾಣ ಹೈಕೋರ್ಟ್ 2021ರಲ್ಲಿ ಇದು ಹೆಂಡತಿಯ ಖಾಸಗಿತನಕ್ಕೆ ಧಕ್ಕೆ ಅಂತ ತಳ್ಳಿಹಾಕಿತು. 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಮತ್ತೆ ಒಪ್ಪಿತು. ತೀರ್ಪು ಬರೆದದ್ದು ನಮ್ಮ ನ್ಯಾಯಮೂರ್ತಿ ನಾಗರತ್ನ ಅವರು. ಗಂಡ ಹೆಂಡತಿಯ ಗುಟ್ಟು ಹೊರಗೆ ಹೋಗಬಾರದು ಅನ್ನುವ ಕಲಮಿನಲ್ಲೇ, ಅವರಿಬ್ಬರ ನಡುವಿನ ದಾವೆಗೆ ವಿನಾಯಿತಿ ಇದೆ ಅಂದರು. ಒಬ್ಬರನ್ನೊಬ್ಬರು ರೆಕಾರ್ಡ್ ಮಾಡುವ ಹಂತಕ್ಕೆ ಬಂದಿದ್ದರೆ ಆ ಮನೆಯಲ್ಲಿ ನಂಬಿಕೆ ಮೊದಲೇ ಹೋಗಿದೆ ಅನ್ನುವ ಅರ್ಥದ ಮಾತೂ ಅದರಲ್ಲಿದೆ. ಆ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ರೆಕಾರ್ಡ್ ಮಾಡುವವರು ಒಬ್ಬರು, ನಂಬಿ ಮಾತಾಡುವವರು ಇನ್ನೊಬ್ಬರು.

ಆದರೆ ಫೈಲು ಒಳಗೆ ಬಂದ ಮಾತ್ರಕ್ಕೆ ಅದರಲ್ಲಿದ್ದದ್ದೆಲ್ಲ ಸಾಬೀತಾದಂತೆ ಅಲ್ಲ. ಕತ್ತರಿಸಿದ್ದಾರೆ ಅನ್ನುವ ಅನುಮಾನ ಇದ್ದರೆ ಪೂರ್ತಿ ರೆಕಾರ್ಡಿಂಗ್, ಮೂಲ ಫೋನ್ ತರಿಸಿ ಅಂತ ನಿಮ್ಮ ವಕೀಲರಿಂದ ಅರ್ಜಿ ಹಾಕಿಸಿ.

ಮಲ್ಲಿಗೆ_ದಂಡೆ

ಅರ್ಜಿ ವಿಷಯ ನಾಳೆಯೇ ಕೇಳುತ್ತೇನೆ ಸರ್. ಅಲ್ಲಿರುವುದು ನನ್ನ ಪಾಲಿನ ಮಾತು ಮಾತ್ರ. ಅವರು ಅಂದದ್ದು ಒಂದೂ ಇಲ್ಲ.

ತೋಟದಮನೆ_ಚನ್ನಗಿರಿ

ಸರ್, ಫೋನ್ ಗಾದ್ರೇಜಿನೊಳಗೆ ಇಟ್ಟು ಬೀಗ ಹಾಕಿದೆ. ಅದಕ್ಕೂ ಮೊದಲು ಕೂತು ಪೂರ್ತಿ ಹನ್ನೊಂದು ನಿಮಿಷ ಕೇಳಿದೆ. ಒಂದು ಸಮಸ್ಯೆ ಆಗಿದೆ.

ನಾನು ಕತ್ತರಿಸಿ ಬಿಟ್ಟ ಭಾಗದಲ್ಲಿ ಅವನು "ನಲವತ್ತು ಸಾವಿರ ಅತ್ತಿಗೆ ಕೈಗೆ ಕೊಟ್ಟಿದ್ದೀನಲ್ಲ ಅಣ್ಣ, ಕಳೆದುಕೋ" ಅಂದಿದ್ದಾನೆ. ನಾನು "ಅದೆಲ್ಲಾ ಆಮೇಲೆ ನೋಡೋಣ, ಮೊದಲು ಒಟ್ಟು ಎಷ್ಟು ಹೇಳು" ಅಂತ ಅವನ ಬಾಯಿ ಮುಚ್ಚಿಸಿದ್ದೇನೆ. ಆಗಲೇ ಅವನು ಮೂರು ಲಕ್ಷ ಅಂದದ್ದು.

ಹೆಂಡತಿಯನ್ನು ಕೇಳಿದೆ. ಹೌದು, ಗಣಪತಿ ಹಬ್ಬದ ಹೊತ್ತಿಗೆ ಬಂದು ಕೊಟ್ಟ, ಮಗಳ ಕಾಲೇಜ್ ಫೀಸಿಗೆ ಕಟ್ಟಿದೆ, ನಿಮಗೆ ಅವತ್ತೇ ಹೇಳಿದ್ದೆ ಅಂದಳು. ನನಗಂತೂ ನೆನಪಿಲ್ಲ. ಅದು ಎಲ್ಲೂ ರೆಕಾರ್ಡ್ ಆಗಿಲ್ಲ.

ಹಾಗಾದರೆ ಎರಡು ಲಕ್ಷ ಅರವತ್ತು ಸಾವಿರಕ್ಕೆ ನೋಟಿಸ್ ಕಳಿಸಬೇಕು, ಅಲ್ವಾ ಸರ್?

ನಿವೃತ್ತ_ಶಿರಸ್ತೇದಾರ

ಹೌದು. ಅದಕ್ಕೂ ಮೊದಲು ತಮ್ಮನಿಗೆ ಒಂದು ಫೋನ್ ಮಾಡಿ. ನಲವತ್ತು ಸಾವಿರ ಬಂದಿದೆ ಅಂತ ನೀವೇ ಹೇಳಿ.