ಅಪ್‌ಡೇಟ್: ಗರ್ಭಪಾತದ ನಂತರ ಆಂಟಿಬಯೋಟಿಕ್ ಕೋರ್ಸ್ ಬೇಕಾ?

ತುಮಕೂರಿನ ಆಸ್ಪತ್ರೆಯಲ್ಲಿ ತಂಗಿಗೆ ವ್ಯಾಕ್ಯೂಮ್ ವಿಧಾನದಲ್ಲಿ (ಸಲಕರಣೆಯಿಂದ ಹೀರಿ ತೆಗೆಯುವುದು) ಗರ್ಭಪಾತ ಮಾಡಿಸಿದ್ದೆವು. ಮೊದಲೇ ಒಂದು ಡೋಸ್ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಕೊಟ್ಟರು, ಮನೆಗೆ ಮಾತ್ರೆ ಬರೆಯಲಿಲ್ಲ. ಅಷ್ಟು ಸಾಕಾ ಅಂತ ಇಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಚೆಕಪ್‌ನಲ್ಲಿ ಡಾಕ್ಟರ್ ಮೇಡಂ ಬಿಡಿಸಿ ಹೇಳಿದರು. ಸಲಕರಣೆ ಒಳಗೆ ಹೋಗುವಾಗಲೇ ಯೋನಿಯಲ್ಲಿರುವ ಕ್ರಿಮಿಗಳು ಗರ್ಭಕೋಶಕ್ಕೆ ಹತ್ತುತ್ತವೆ. ಆ ಹೊತ್ತಿಗೆ ಔಷಧಿ ರಕ್ತದಲ್ಲಿರಬೇಕು. ಅದಕ್ಕೇ ಮೊದಲೇ ಕೊಡುವುದು. ಆಮೇಲೆ ದಿನಗಟ್ಟಲೆ ನುಂಗಿದರೆ ಲಾಭ ಜಾಸ್ತಿಯಾಗಲ್ಲ, ಹೊಟ್ಟೆ ಕೆಡಬಹುದು ಅಷ್ಟೆ. ಮಾತ್ರೆಯಿಂದಲೇ ಗರ್ಭಪಾತವಾದರೆ ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಎಲ್ಲರಿಗೂ ಆಂಟಿಬಯೋಟಿಕ್ ಬೇಕಿಲ್ಲ.

ಆದರೆ ಕ್ಲಮೀಡಿಯಾದಂಥ, ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು ಮೊದಲೇ ಇದ್ದರೆ ಕತೆ ಬೇರೆ. ಪೂರ್ತಿ ಚಿಕಿತ್ಸೆ ಬೇಕು, ಗಂಡನಿಗೂ ಸೇರಿಸಿ. ಹೆಂಡತಿಗೆ ಮಾತ್ರ ಕೊಟ್ಟರೆ ಮತ್ತೆ ಅಂಟುತ್ತೆ, ಅಲ್ವಾ? ಸುಮ್ನೆ ಬಿಟ್ಟರೆ ಗರ್ಭನಾಳ ಕಟ್ಟಿಕೊಂಡು ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು.

ತಂಗಿಗೆ ಜ್ವರವಿಲ್ಲ, ಆರಾಮಾಗಿದ್ದಾಳೆ. 38 ಡಿಗ್ರಿ ದಾಟಿದ ಜ್ವರ, ಕೆಟ್ಟ ವಾಸನೆಯ ಸ್ರಾವ, ಹೆಚ್ಚುತ್ತಲೇ ಹೋಗುವ ಕಿಬ್ಬೊಟ್ಟೆ ನೋವು, ಗಂಟೆಗೆ 2 ಪ್ಯಾಡ್‌ನಂತೆ 2 ಗಂಟೆ ರಕ್ತ ಹೋಗುವುದು: ಇದರಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ ಬನ್ನಿ ಎಂದಿದ್ದಾರೆ. ಮೆಡಿಕಲ್ ಸ್ಟೋರ್‌ನಲ್ಲಿ ನಾವೇ ಮಾತ್ರೆ ತಗೊಳ್ಳೋದು ಬೇಡವಂತೆ.